ಕ್ಯಾಮೆರಾ ಕೂರುವ ಪೀಠ: ಟ್ರೈಪಾಡ್ ಹೆಡ್ ಮತ್ತು ಲೆವೆಲಿಂಗ್ ಬೇಸ್ ಆರಿಸುವುದು ಹೇಗೆ?



ನಮ್ಮ ಕಾಲೇಜಿನಲ್ಲಿ ಕ್ಯಾಮೆರಾ ಹಿಡಿಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ವಾರ್ಷಿಕೋತ್ಸವ, ಕ್ರೀಡಾಕೂಟ, ವಿಜ್ಞಾನ ಮೇಳ, ಪ್ರವಾಸ ಎಲ್ಲದರ ಫೋಟೋಗಳನ್ನೂ ಈಗ ನೀವೇ ತೆಗೆಯುತ್ತಿದ್ದೀರಿ. ಕೆಲವರು ರಜೆಯಲ್ಲಿ ಅಣ್ಣಂದಿರ ಜೊತೆ ಮದುವೆ ಹಾಲ್‌ಗಳಿಗೆ ಹೋಗಿ ದುಡಿದು, ಫೀಸಿನ ಒಂದು ಪಾಲನ್ನು ತಾವೇ ಕಟ್ಟುತ್ತಿದ್ದಾರೆ. ಅಂಥ ಒಬ್ಬ ದ್ವಿತೀಯ ಪಿಯುಸಿ ವಿದ್ಯಾರ್ಥಿ ಇತ್ತೀಚೆಗೆ ಭೌತಶಾಸ್ತ್ರ ಲ್ಯಾಬಿಗೆ ಬಂದು ಕೇಳಿದ: “ಸರ್, ಈದ್ ನಂತರದ ಮದುವೆ ಸೀಸನ್ನಿನಲ್ಲಿ ದುಡಿದದ್ದನ್ನು ಕೂಡಿಟ್ಟಿದ್ದೇನೆ. ಒಂದೇ ವಸ್ತುವಿಗೆ ಸಾಲುತ್ತದೆ. ಒಳ್ಳೆಯ ಬಾಲ್ ಹೆಡ್ ತೆಗೆದುಕೊಳ್ಳಲೇ, ಲೆವೆಲಿಂಗ್ ಬೇಸ್ ತೆಗೆದುಕೊಳ್ಳಲೇ?”

ಪ್ರಶ್ನೆ ಒಬ್ಬನದ್ದಾದರೂ ಉತ್ತರ ಹಲವರಿಗೆ ಬೇಕು. ಕಷ್ಟಪಟ್ಟು ಕೂಡಿಟ್ಟ ಹಣ ಜಾಹೀರಾತು ನೋಡಿ ಖರ್ಚಾಗಬಾರದು. ಹಾಗಾಗಿ ಈ ಸಂಚಿಕೆಯಲ್ಲಿ ಅದನ್ನೇ ಪಾಠವಾಗಿ ಬರೆಯುತ್ತಿದ್ದೇನೆ. ಕಂಪನಿಗಳ ಹೆಸರನ್ನಾಗಲೀ ಬೆಲೆಯನ್ನಾಗಲೀ ಹೇಳುವುದಿಲ್ಲ. ಅವು ಬದಲಾಗುತ್ತಲೇ ಇರುತ್ತವೆ. ಬದಲಾಗದೇ ಇರುವುದು ಭೌತಶಾಸ್ತ್ರ. ಅದನ್ನು ಹಿಡಿದರೆ ಯಾವ ಅಂಗಡಿಯಲ್ಲೂ ನೀವು ಸರಿಯಾದ ಪ್ರಶ್ನೆ ಕೇಳಬಲ್ಲಿರಿ.

1. ಮೂರು ಭಾಗ, ಮೂರು ಕೆಲಸ

ನಾವು ಒಟ್ಟಾಗಿ “ಸ್ಟ್ಯಾಂಡ್” ಎಂದು ಕರೆಯುವುದರಲ್ಲಿ ಮೂರು ಭಾಗಗಳಿರಬಹುದು. ಮೊದಲನೆಯದು ಕಾಲುಗಳು, ಭಾರ ಹೊತ್ತು ನೆಲಕ್ಕೆ ಮುಟ್ಟಿಸುವುದು ಇವುಗಳ ಕೆಲಸ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಇರುತ್ತವೆ. ಆದ್ದರಿಂದಲೇ ಮೂರು ಕಾಲಿನ ಸ್ಟ್ಯಾಂಡ್ ಎಂಥ ಏರುಪೇರಿನ ನೆಲದಲ್ಲೂ ಅಲುಗಾಡದೆ ನಿಲ್ಲುತ್ತದೆ. ಆದರೆ ಅಲುಗಾಡದೆ ನಿಂತ ಮಾತ್ರಕ್ಕೆ ಅದು ಮಟ್ಟಸವಾಗಿ ನಿಂತಿದೆ ಎಂದಲ್ಲ. ಈ ವ್ಯತ್ಯಾಸವನ್ನು ನೆನಪಿಡಿ, ಪಾಠದ ಅರ್ಧ ಭಾಗ ಇಲ್ಲಿದೆ.

ಎರಡನೆಯದು ಹೆಡ್. ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸಿ ಬಿಗಿಹಿಡಿಯುವುದು ಅದರ ಕೆಲಸ. ಮೂರನೆಯದು, ಕಾಲುಗಳಿಗೂ ಹೆಡ್‌ಗೂ ನಡುವೆ ಕೂರುವ ಲೆವೆಲಿಂಗ್ ಬೇಸ್. ಕಾಲುಗಳು ಹೇಗೇ ನಿಂತಿರಲಿ, ಹೆಡ್ ಕೂರುವ ತಟ್ಟೆಯನ್ನು ಮಟ್ಟ ಮಾಡಿಕೊಡುವುದು ಅದರ ಕೆಲಸ.

ಇವುಗಳನ್ನು ಜೋಡಿಸುವ ಸ್ಕ್ರೂಗಳು ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತವೆ. ಕ್ಯಾಮೆರಾದ ಅಡಿಗೆ ಕಾಲು ಇಂಚಿನ ಸ್ಕ್ರೂ, ಕಾಲುಗಳಿಂದ ಹೆಡ್‌ಗೆ ಹೆಚ್ಚಾಗಿ 3/8 ಇಂಚಿನದು. ಬೇರೆ ಬೇರೆ ಕಂಪನಿಯ ಕಾಲು, ಬೇಸ್, ಹೆಡ್‌ಗಳನ್ನು ಕೂಡಿಸಲು ಸಾಧ್ಯವಾಗುವುದು ಈ ಸಾಮಾನ್ಯ ಅಳತೆಯಿಂದ. ಕೊಳ್ಳುವ ಮುನ್ನ ನಿಮ್ಮ ಕಾಲಿನ ಸ್ಕ್ರೂ ಯಾವುದೆಂದು ನೋಡಿಕೊಳ್ಳಿ.

2. ಹೆಡ್‌ಗಳ ಬಗೆ

ಬಾಲ್ ಹೆಡ್: ಒಂದು ಲೋಹದ ಗುಂಡು, ಅದನ್ನು ಬಿಗಿಹಿಡಿಯುವ ಒಂದು ಗುಬ್ಬಿ. ಸಡಿಲಿಸಿದರೆ ಎಲ್ಲ ದಿಕ್ಕಿಗೂ ತಿರುಗುತ್ತದೆ, ಬಿಗಿದರೆ ನಿಲ್ಲುತ್ತದೆ. ಬೇಗ ಕೆಲಸವಾಗುತ್ತದೆ, ಹಗುರ, ಚೀಲದಲ್ಲಿ ಜಾಗ ಕಡಿಮೆ ಸಾಕು. ಆದರೆ ಒಂದು ದಿಕ್ಕನ್ನು ಮಾತ್ರ ಸ್ವಲ್ಪ ಸರಿಪಡಿಸೋಣ ಎಂದರೆ ಆಗದು. ಸಡಿಲಿಸಿದ ಕೂಡಲೇ ಎಲ್ಲ ದಿಕ್ಕೂ ಒಟ್ಟಿಗೆ ಸಡಿಲವಾಗುತ್ತದೆ.

ಪ್ಯಾನ್-ಟಿಲ್ಟ್ ಹೆಡ್: ಮೂರು ಹಿಡಿಕೆ, ಮೂರು ದಿಕ್ಕು. ಒಂದನ್ನು ಸರಿಪಡಿಸುವಾಗ ಉಳಿದೆರಡು ಕದಲುವುದಿಲ್ಲ. ನಿಧಾನ, ಸ್ವಲ್ಪ ಭಾರ. ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ.

ಗೇರ್ ಹೆಡ್: ಹಿಡಿಕೆಯ ಬದಲು ಗೇರ್ ಇರುವ ಗುಬ್ಬಿಗಳು. ಕಾಲು ಡಿಗ್ರಿಯಷ್ಟು ಸಣ್ಣ ತಿದ್ದುಪಡಿಯನ್ನೂ ಮಾಡಬಹುದು. ಕಟ್ಟಡಗಳ ಚಿತ್ರ, ಹಳೆಯ ಕೈಬರಹದ ಕಾಗದಪತ್ರಗಳ ನಕಲು ತೆಗೆಯುವ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಫ್ಲೂಯಿಡ್ ಹೆಡ್: ಇದು ವಿಡಿಯೋಗೆ. ಪ್ರಥಮ ಪಿಯುಸಿಯಲ್ಲಿ ಓದಿದ ಸ್ನಿಗ್ಧತೆ ಇಲ್ಲಿ ದುಡಿಯುತ್ತದೆ. ಸಾಮಾನ್ಯ ಹೆಡ್ ತಿರುಗಿಸುವಾಗ ಮೊದಲು ಸ್ಥಾಯೀ ಘರ್ಷಣೆಯನ್ನು ಮೀರಬೇಕು. ಮೀರಿದ ಕ್ಷಣ ಘರ್ಷಣೆ ಕಡಿಮೆಯಾಗುವುದರಿಂದ ಕ್ಯಾಮೆರಾ ಒಮ್ಮೆಲೇ ಜಿಗಿಯುತ್ತದೆ. ಫ್ಲೂಯಿಡ್ ಹೆಡ್‌ನೊಳಗೆ ದಪ್ಪ ದ್ರವದ ಪದರವಿದ್ದು, ಅದರ ತಡೆ ವೇಗಕ್ಕೆ ತಕ್ಕಂತೆ ಹೆಚ್ಚುತ್ತದೆ. ನಿಧಾನಕ್ಕೆ ತಿರುಗಿಸಿದರೆ ತಡೆ ಕಡಿಮೆ, ಜೋರು ಮಾಡಿದರೆ ಹೆಚ್ಚು. ಆದ್ದರಿಂದ ಚಲನೆ ನಯವಾಗಿ ಶುರುವಾಗಿ ನಯವಾಗಿ ನಿಲ್ಲುತ್ತದೆ.

ಗಿಂಬಲ್ ಹೆಡ್: ಹಕ್ಕಿ, ಕ್ರೀಡೆಗೆ ಬಳಸುವ ಉದ್ದ ಲೆನ್ಸ್‌ಗೆ. ಲೆನ್ಸ್‌ನ ಗುರುತ್ವ ಕೇಂದ್ರವನ್ನು ತಿರುಗುವ ಅಕ್ಷದ ಮೇಲೆಯೇ ಕೂರಿಸುವುದರಿಂದ ಒಂದು ಬೆರಳಿನಲ್ಲಿ ತಿರುಗಿಸಬಹುದು, ಕೈಬಿಟ್ಟರೂ ವಾಲುವುದಿಲ್ಲ.

ಪನೋರಮಾ ಹೆಡ್: ಹಲವು ಚಿತ್ರಗಳನ್ನು ಸೇರಿಸಿ ಒಂದು ಅಗಲ ಚಿತ್ರ ಮಾಡುವಾಗ, ಕ್ಯಾಮೆರಾ ತನ್ನ ಸ್ಕ್ರೂವಿನ ಸುತ್ತ ತಿರುಗಿದರೆ ಹತ್ತಿರದ ವಸ್ತುಗಳು ದೂರದವುಗಳ ಎದುರು ಸ್ಥಳ ಬದಲಿಸಿದಂತೆ ಕಾಣುತ್ತವೆ. ಒಂದು ಪೆನ್ನನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಅದೇ ಪ್ಯಾರಲಾಕ್ಸ್. ಈ ಹೆಡ್ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ, ಲೆನ್ಸ್‌ನೊಳಗೆ ಬೆಳಕು ಪ್ರವೇಶಿಸುವಂತೆ ಕಾಣುವ ಬಿಂದುವಿನ ಸುತ್ತ ತಿರುಗಿಸುತ್ತದೆ. ಎಲ್ಲವೂ ದೂರದಲ್ಲಿದ್ದರೆ ಇದು ಬೇಕಿಲ್ಲ. ಕೋಣೆಯ ಒಳಗೆ ಬೇಕು.

3. ಪೆಟ್ಟಿಗೆಯ ಮೇಲಿನ ಕೆ.ಜಿ. ನಂಬಬಹುದೇ?

ಹೆಡ್‌ನ ಪೆಟ್ಟಿಗೆ ಮೇಲೆ “8 ಕೆ.ಜಿ.” ಎಂದಿರುತ್ತದೆ. ಕ್ಯಾಮೆರಾ ಒಂದೂವರೆ ಕೆ.ಜಿ., ಹಾಗಾದರೆ ಧಾರಾಳ ಸಾಕು ಎಂದುಕೊಳ್ಳುತ್ತೇವೆ. ಆದರೆ ಹೆಡ್ ಸೋಲುವುದು ಭಾರದಿಂದಲ್ಲ, ಟಾರ್ಕ್‌ನಿಂದ. ನೇರ ಮೇಲೆ ಕೂತ 8 ಕೆ.ಜಿ.ಯನ್ನು ಇಟ್ಟಿಗೆ ಕೂಡ ಹೊರುತ್ತದೆ. ಪಕ್ಕಕ್ಕೆ ವಾಲಿದ ಭಾರವನ್ನು ಹಿಡಿಯುವುದೇ ಕಷ್ಟ.

ಲೆಕ್ಕ ಮಾಡೋಣ. ಕ್ಯಾಮೆರಾ ಮತ್ತು ಲೆನ್ಸ್ ಸೇರಿ 1.5 ಕೆ.ಜಿ. ಗುಂಡಿನ ಕೇಂದ್ರದಿಂದ ಕ್ಯಾಮೆರಾದ ಗುರುತ್ವ ಕೇಂದ್ರಕ್ಕೆ 10 ಸೆಂ.ಮೀ. ಎಂದಿಟ್ಟುಕೊಳ್ಳಿ. ನೆಟ್ಟಗೆ ಕೂತಾಗ ಟಾರ್ಕ್ ಸೊನ್ನೆ. 30 ಡಿಗ್ರಿ ವಾಲಿಸಿದರೆ ಅಡ್ಡ ದೂರ 10 × ಸೈನ್ 30 = 5 ಸೆಂ.ಮೀ. ಟಾರ್ಕ್ = 1.5 × 9.8 × 0.05 = ಸುಮಾರು 0.74 ನ್ಯೂಟನ್-ಮೀಟರ್. ನಿಲುವು ಚಿತ್ರಕ್ಕಾಗಿ ಪೂರ್ತಿ 90 ಡಿಗ್ರಿ ಪಕ್ಕಕ್ಕೆ ಮಲಗಿಸಿದರೆ 1.47 ನ್ಯೂಟನ್-ಮೀಟರ್; ಅಂದರೆ ಎರಡು ಪಟ್ಟು. ಭಾರ ಒಂದು ಗ್ರಾಂ ಕೂಡ ಹೆಚ್ಚಿಲ್ಲ, ಹೆಡ್‌ನ ಕಷ್ಟ ಹೆಚ್ಚಿದೆ.

ಈ ಲೆಕ್ಕದಿಂದ ಎರಡು ಪಾಠ. ಒಂದು, ಗುಂಡನ್ನು ಹಿಡಿಯುವುದು ಘರ್ಷಣೆ. ಆ ಘರ್ಷಣೆಯ ಟಾರ್ಕ್ ಎಂದರೆ ಘರ್ಷಣಾ ಬಲ ಮತ್ತು ಗುಂಡಿನ ತ್ರಿಜ್ಯದ ಗುಣಲಬ್ಧ. ಹಾಗಾಗಿ ಒಂದೇ ಬಿಗಿತಕ್ಕೆ ದೊಡ್ಡ ಗುಂಡು ಚೆನ್ನಾಗಿ ಹಿಡಿಯುತ್ತದೆ. ಕೆ.ಜಿ.ಗಿಂತ ಮೊದಲು ಗುಂಡಿನ ವ್ಯಾಸ ಕೇಳಿ. ಎರಡು, ನಿಲುವು ಚಿತ್ರ ಹೆಚ್ಚು ತೆಗೆಯುವವರು ಎಲ್ ಆಕಾರದ ಪಟ್ಟಿಯನ್ನು ಕ್ಯಾಮೆರಾಕ್ಕೆ ಹಾಕಿಕೊಳ್ಳಬೇಕು. ಆಗ ಕ್ಯಾಮೆರಾ ನಿಲುವಾಗಿ ತಿರುಗಿದರೂ ಭಾರ ಗುಂಡಿನ ನೇರ ಮೇಲೆಯೇ ಇರುತ್ತದೆ.

4. ಲೆವೆಲ್ ಎಂದರೆ ಯಾವುದರ ಲೆವೆಲ್?

ಬಹಳ ಮಂದಿ ಗೊಂದಲಕ್ಕೆ ಬೀಳುವುದು ಇಲ್ಲಿ. ಕ್ಯಾಮೆರಾ ಮಟ್ಟವಾಗಿರುವುದು ಬೇರೆ, ಅದು ತಿರುಗುವ ಅಕ್ಷ ನೆಟ್ಟಗಿರುವುದು ಬೇರೆ. ಬಾಲ್ ಹೆಡ್‌ನಲ್ಲಿ ತಿರುಗುವ ತಟ್ಟೆ ಸಾಮಾನ್ಯವಾಗಿ ಗುಂಡಿನ ಕೆಳಗೆ ಇರುತ್ತದೆ. ಕಾಲುಗಳು 3 ಡಿಗ್ರಿ ವಾಲಿ ನಿಂತಿದ್ದರೂ ಗುಂಡನ್ನು ಸರಿಪಡಿಸಿ ಕ್ಯಾಮೆರಾವನ್ನು ಮಟ್ಟ ಮಾಡಬಹುದು. ಒಂದೇ ಚಿತ್ರ ತೆಗೆಯುವುದಾದರೆ ಅಷ್ಟು ಸಾಕು. ಆದರೆ ಅಲ್ಲಿಂದ ತಿರುಗಿಸಿದಿರೋ, ಕ್ಯಾಮೆರಾ ವಾಲಿದ ಅಕ್ಷದ ಸುತ್ತ ತಿರುಗಿ ಮಟ್ಟ ತಪ್ಪುತ್ತದೆ.

ಎಷ್ಟು ತಪ್ಪುತ್ತದೆ? ಗಣಿತದವರಿಗೆ ಇಷ್ಟವಾಗುವ ಸೂತ್ರ ಇದು:

ಕ್ಯಾಮೆರಾದ ಓರೆಯ ಅರ್ಧದ ಸೈನ್ = ಅಕ್ಷದ ಓರೆಯ ಸೈನ್ × ತಿರುಗಿಸಿದ ಕೋನದ ಅರ್ಧದ ಸೈನ್

ಅಕ್ಷದ ಓರೆ 3 ಡಿಗ್ರಿ ಇದ್ದರೆ, 60 ಡಿಗ್ರಿ ತಿರುಗಿಸಿದಾಗ ಕ್ಯಾಮೆರಾ ಸುಮಾರು 3 ಡಿಗ್ರಿ ಓರೆಯಾಗುತ್ತದೆ. 90 ಡಿಗ್ರಿಗೆ ಸುಮಾರು 4.2 ಡಿಗ್ರಿ. 180 ಡಿಗ್ರಿಗೆ 6 ಡಿಗ್ರಿ, ಅಂದರೆ ಅಕ್ಷದ ಓರೆಯ ಎರಡು ಪಟ್ಟು. 6000 ಪಿಕ್ಸೆಲ್ ಅಗಲದ ಚಿತ್ರ ಪಕ್ಕಕ್ಕೆ ಕೇವಲ 1 ಡಿಗ್ರಿ ವಾಲಿದರೂ ಅದರ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 105 ಪಿಕ್ಸೆಲ್ ಮೇಲೇರುತ್ತದೆ. ಸಮುದ್ರದ ದಿಗಂತವಿರುವ ಚಿತ್ರದಲ್ಲಿ ಇದು ಯಾರ ಕಣ್ಣಿಗೂ ಬೀಳುತ್ತದೆ.

ಕಾಲೇಜಿನ ಎಲ್ಲರೂ ಇರುವ ಗ್ರೂಪ್ ಫೋಟೋವನ್ನು ಯೋಚಿಸಿ. ಒಂದೇ ಚೌಕಟ್ಟಿನಲ್ಲಿ ಎಲ್ಲರೂ ಹಿಡಿಸದಿದ್ದಾಗ ಮೂರೋ ನಾಲ್ಕೋ ಚಿತ್ರ ತೆಗೆದು ಸೇರಿಸುತ್ತೇವೆ. ಅಕ್ಷ ಪಕ್ಕಕ್ಕೆ ವಾಲಿದ್ದರೆ ಒಂದು ತುದಿಯಲ್ಲಿ ಕ್ಯಾಮೆರಾ ಆಕಾಶ ನೋಡುತ್ತದೆ, ಇನ್ನೊಂದು ತುದಿಯಲ್ಲಿ ನೆಲ ನೋಡುತ್ತದೆ. ಅಕ್ಷ ಮುಂದಕ್ಕೋ ಹಿಂದಕ್ಕೋ ವಾಲಿದ್ದರೆ ಎರಡೂ ತುದಿಗಳ ಚಿತ್ರ ಪಕ್ಕಕ್ಕೆ ಓರೆಯಾಗುತ್ತದೆ. ಸಾಫ್ಟ್‌ವೇರ್ ಇದನ್ನು ನೇರ ಮಾಡುತ್ತದೆ ನಿಜ, ಆದರೆ ನೇರ ಮಾಡಿದ ಮೇಲೆ ಅಂಚುಗಳನ್ನು ಕತ್ತರಿಸಬೇಕಾಗುತ್ತದೆ. ಆಗ ಹೋಗುವುದು ತುದಿಯಲ್ಲಿ ನಿಂತವರ ತಲೆ ಅಥವಾ ಕಾಲು. ತುದಿಯಲ್ಲಿ ನಿಲ್ಲುವವರು ಯಾರು? ನಮ್ಮ ಅಟೆಂಡರ್‌ಗಳು, ತೋಟ ನೋಡಿಕೊಳ್ಳುವವರು, ಬಸ್ ತಡವಾಗಿ ಓಡಿ ಬಂದ ಮಕ್ಕಳು. ನಡುವೆ ಕುಳಿತ ನಮಗೆ ಏನೂ ಆಗುವುದಿಲ್ಲ. ವರ್ಷವಿಡೀ ದುಡಿದವರು ಫೋಟೋದಲ್ಲಿ ಅರ್ಧ ಉಳಿಯಬಾರದು ಎನ್ನುವುದಾದರೆ ಅಕ್ಷ ನೆಟ್ಟಗಿರಬೇಕು.

5. ಮಟ್ಟ ಮಾಡುವ ದಾರಿಗಳು

ಮೊದಲ ದಾರಿಗೆ ಖರ್ಚಿಲ್ಲ: ಕಾಲುಗಳ ಉದ್ದವನ್ನೇ ಸರಿಪಡಿಸುವುದು. ಪಾದಗಳ ನಡುವೆ 1 ಮೀಟರ್ ಅಂತರವಿದ್ದರೆ, ಆ ತ್ರಿಕೋನದ ಎತ್ತರ ಸುಮಾರು 87 ಸೆಂ.ಮೀ. ಒಂದು ಪಾದ ಒಂದೂವರೆ ಸೆಂ.ಮೀ. ಮೇಲಾದರೆ ತಟ್ಟೆ ಸುಮಾರು 1 ಡಿಗ್ರಿ ವಾಲುತ್ತದೆ. ಅಂದರೆ 5 ಸೆಂ.ಮೀ. ಏರುಪೇರಿನ ಮೈದಾನದಲ್ಲಿ 3 ಡಿಗ್ರಿಗಿಂತ ಹೆಚ್ಚು ಓರೆ ಸಹಜ. ಕಾಲುಗಳಿಂದ ಇದನ್ನು ಸರಿಪಡಿಸಬಹುದು, ತಾಳ್ಮೆ ಬೇಕು. ಒಂದು ಕಾಲು ಮುಟ್ಟಿದರೆ ಇನ್ನೊಂದು ದಿಕ್ಕು ತಪ್ಪುತ್ತದೆ.

ಎರಡನೆಯದು ಅರ್ಧಗೋಳದ ಬೇಸ್. ಬಟ್ಟಲಿನಲ್ಲಿ ಅರ್ಧ ಗುಂಡು ಕೂತಂತೆ ಇರುತ್ತದೆ. ಹಿಡಿಕೆ ಸಡಿಲಿಸಿ, ಗುಳ್ಳೆ ನಡುವೆ ಬರುವಂತೆ ಮಾಡಿ, ಬಿಗಿದರೆ ಮುಗಿಯಿತು. ವಿಡಿಯೋ ಸ್ಟ್ಯಾಂಡ್‌ಗಳಲ್ಲಿ 75 ಮಿ.ಮೀ. ಮತ್ತು 100 ಮಿ.ಮೀ. ಬಟ್ಟಲುಗಳು ಸಾಮಾನ್ಯ. ವೇದಿಕೆಯ ಕಾರ್ಯಕ್ರಮದಲ್ಲಿ ಕ್ಯಾಮೆರಾ ಸದಾ ತಿರುಗುತ್ತಲೇ ಇರುವುದರಿಂದ ವಿಡಿಯೋದವರು ಬಟ್ಟಲು ಬಿಡುವುದಿಲ್ಲ.

ಮೂರನೆಯದು ಮೂರು ಸ್ಕ್ರೂಗಳ ಬೇಸ್. ಸರ್ವೆಯವರ ಉಪಕರಣದ ಅಡಿಯಲ್ಲಿ ನೋಡಿರುತ್ತೀರಿ. ನಿಧಾನ, ಆದರೆ ಬಹಳ ನಿಖರ.

ನಾಲ್ಕನೆಯದು ಒಂದು ಉಪಾಯ. ಬಾಲ್ ಹೆಡ್‌ನ ಮೇಲ್ತುದಿಯಲ್ಲಿಯೇ ತಿರುಗುವ ಹಿಡಿತ ಇರುವ ಮಾದರಿಗಳಿವೆ. ಆಗ ಗುಂಡು ಕೆಳಗೆ, ತಿರುಗುವ ಅಕ್ಷ ಮೇಲೆ. ಗುಂಡನ್ನು ಮಟ್ಟ ಮಾಡಿದ ಕೂಡಲೇ ಅಕ್ಷವೂ ನೆಟ್ಟಗಾಗುತ್ತದೆ. ಬಾಲ್ ಹೆಡ್ಡೇ ಲೆವೆಲಿಂಗ್ ಬೇಸ್ ಆಗಿ ಕೆಲಸ ಮಾಡಿತು!

ನೆಲದ ಮಟ್ಟ ಹಿಡಿಯುವ ವಿದ್ಯೆ ಕ್ಯಾಮೆರಾಕ್ಕಿಂತ ಎಷ್ಟೋ ಹಳೆಯದು. 11ನೇ ಶತಮಾನದ ಆರಂಭದಲ್ಲಿ ಗಣಿತಜ್ಞ ಅಲ್-ಕರಜಿ ಅಂತರ್ಜಲವನ್ನು ಹೊರತರುವ ಬಗ್ಗೆ ಬರೆದ ಅರಬಿ ಗ್ರಂಥದಲ್ಲಿ ಮಟ್ಟ ಅಳೆಯುವ ಉಪಕರಣಗಳನ್ನೂ ವಿವರಿಸಿದ್ದಾನೆ. ನೆಲದಡಿಯ ಸುರಂಗದಲ್ಲಿ ನೀರು ತಾನಾಗಿ ಹರಿಯಬೇಕಾದರೆ ಇಳಿಜಾರು ಹದವಾಗಿರಬೇಕು. ಅಂಥ ಸುರಂಗ ಕಾಲುವೆ ನಮ್ಮ ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ್ದು ಇಂದಿಗೂ ಇದೆ. ನಾವು ಗುಳ್ಳೆ ನೋಡಿ ಅರ್ಧ ನಿಮಿಷದಲ್ಲಿ ಮಾಡುವ ಕೆಲಸವನ್ನು ಅವರು ಕತ್ತಲೆಯಲ್ಲಿ, ನೆಲದೊಳಗೆ ಮಾಡಿದ್ದರು.

6. ಗುಳ್ಳೆ ನಿಜ ಹೇಳುತ್ತಿದೆಯೇ?

ಗಾರೆಯವರ ರಸಮಟ್ಟದಲ್ಲಿರುವ ಗುಳ್ಳೆಯೇ ಟ್ರೈಪಾಡ್‌ನಲ್ಲೂ ಇದೆ. ಗಾಜಿನ ಒಳಮೈ ಸ್ವಲ್ಪ ಬಾಗಿರುತ್ತದೆ, ಗುಳ್ಳೆ ಅತಿ ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಬಾಗಿನ ತ್ರಿಜ್ಯ ದೊಡ್ಡದಾದಷ್ಟು ಸೂಕ್ಷ್ಮತೆ ಹೆಚ್ಚು. ತ್ರಿಜ್ಯ 10 ಸೆಂ.ಮೀ. ಇದ್ದರೆ 1 ಡಿಗ್ರಿ ಓರೆಗೆ ಗುಳ್ಳೆ ಸರಿಯುವುದು ಸುಮಾರು 1.7 ಮಿ.ಮೀ. ಮಾತ್ರ. ಬಟನ್ ಗಾತ್ರದ ಗುಳ್ಳೆಯಿಂದ ಹೆಚ್ಚು ನಿರೀಕ್ಷಿಸಬೇಡಿ.

ಗುಳ್ಳೆಯನ್ನೇ ಪರೀಕ್ಷಿಸುವ ವಿಧಾನ ಇದೆ. ತಿರುಗುವ ಭಾಗದ ಮೇಲೆ ರಸಮಟ್ಟ ಇಟ್ಟು ಗುಳ್ಳೆಯನ್ನು ನಡುವೆ ತನ್ನಿ. ಈಗ ಹೆಡ್ಡನ್ನು 180 ಡಿಗ್ರಿ ತಿರುಗಿಸಿ. ಗುಳ್ಳೆ ನಡುವೆಯೇ ಉಳಿದರೆ ರಸಮಟ್ಟ ಸರಿಯಿದೆ, ಆ ದಿಕ್ಕಿನಲ್ಲಿ ಅಕ್ಷವೂ ನೆಟ್ಟಗಿದೆ. ಸರಿದರೆ, ಸರಿದದ್ದರಲ್ಲಿ ಅರ್ಧ ಅಕ್ಷದ ತಪ್ಪು, ಅರ್ಧ ರಸಮಟ್ಟದ ತಪ್ಪು. ಬೇಸ್‌ನಿಂದ ಅರ್ಧವನ್ನು ಮಾತ್ರ ಸರಿಪಡಿಸಿ, ಉಳಿದರ್ಧವನ್ನು ಹಾಗೆಯೇ ಬಿಡಿ. ನಂತರ 90 ಡಿಗ್ರಿ ತಿರುಗಿಸಿ ಇನ್ನೊಂದು ದಿಕ್ಕಿಗೂ ಇದನ್ನೇ ಮಾಡಿ.

ಕ್ಯಾಮೆರಾದೊಳಗಿನ ಎಲೆಕ್ಟ್ರಾನಿಕ್ ಮಟ್ಟ ತೋರಿಸುವುದು ಕ್ಯಾಮೆರಾದ ಸ್ಥಿತಿಯನ್ನು, ಅಕ್ಷದ ಸ್ಥಿತಿಯನ್ನಲ್ಲ. ಆದರೂ ಅದರಿಂದ ಅಕ್ಷವನ್ನು ಕಂಡುಹಿಡಿಯಬಹುದು: ಮಟ್ಟ ತೋರಿಸುತ್ತಿರುವಾಗಲೇ ಪೂರ್ತಿ ಒಂದು ಸುತ್ತು ತಿರುಗಿಸಿ. ಎಲ್ಲ ದಿಕ್ಕಿನಲ್ಲೂ ಗೆರೆ ಕದಲದಿದ್ದರೆ ಅಕ್ಷ ನೆಟ್ಟಗಿದೆ.

7. ಒಂದು ಉದಾಹರಣೆ: ವಿಜಯಪುರದ ಗೋಲ್ ಗುಂಬಜ್

ಪ್ರವಾಸದಲ್ಲಿ ಗೋಲ್ ಗುಂಬಜ್ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಈ ಗೋಪುರಗಳು ಮೇಲೆ ಹೋದಂತೆ ಒಂದರತ್ತ ಒಂದು ಬಾಗಿದಂತೆ ಕಾಣುತ್ತವೆ. ಕ್ಯಾಮೆರಾ ಮಟ್ಟವಾಗಿದ್ದರೆ ಮಾತ್ರ ಅವು ಸಮಾಂತರ. ಹಾಗಾದರೆ ವಾಲಿಸದೆ ಇಡೀ ಎತ್ತರ ಹಿಡಿಸಲು ಎಷ್ಟು ದೂರ ನಿಲ್ಲಬೇಕು?

ಕಟ್ಟಡದ ಎತ್ತರ ಸುಮಾರು 51 ಮೀಟರ್, ಕ್ಯಾಮೆರಾ ನೆಲದಿಂದ 1.5 ಮೀಟರ್. ಫುಲ್ ಫ್ರೇಮ್ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಸೆನ್ಸರ್‌ನ ಎತ್ತರ 36 ಮಿ.ಮೀ., ಅರ್ಧ 18. ಲೆನ್ಸ್ 24 ಮಿ.ಮೀ. 18 ಭಾಗಿಸು 24 ಎಂದರೆ 0.75. ಬೇಕಾದ ದೂರ 49.5 ಭಾಗಿಸು 0.75, ಅಂದರೆ 66 ಮೀಟರ್. ಅಷ್ಟು ಹಿಂದೆ ನಿಂತು, ಎಲ್ ಪಟ್ಟಿಯಲ್ಲಿ ಕ್ಯಾಮೆರಾವನ್ನು ನಿಲುವಾಗಿ ಕೂರಿಸಿ, ಮಟ್ಟ ನೋಡಿ ಒಂದು ಚಿತ್ರ ತೆಗೆದರೆ ಸಾಕು. ಇಲ್ಲಿ ಲೆವೆಲಿಂಗ್ ಬೇಸ್ ಬೇಕೇ ಇಲ್ಲ, ಪ್ಯಾನ್-ಟಿಲ್ಟ್ ಹೆಡ್ ಸಾಕು. ಆದರೆ ಸುತ್ತಲ ಉದ್ಯಾನವನ್ನೂ ಸೇರಿಸಿ ಅಗಲ ಪನೋರಮಾ ತೆಗೆಯುವುದಾದರೆ ಅಕ್ಷದ ಪ್ರಶ್ನೆ ಬರುತ್ತದೆ. ಇನ್ನೊಂದು ಮಾತು: ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡುವ ಮೊದಲು ಅಲ್ಲಿನ ಕಚೇರಿಯಲ್ಲಿ ಅನುಮತಿ ಕೇಳಿಕೊಳ್ಳಿ.

8. ಹಾಗಾದರೆ ಯಾವುದು ಮೊದಲು?

ಕೆಲಸ ನೋಡಿ ನಿರ್ಧರಿಸಿ.

ಮದುವೆ, ಸಮಾರಂಭಗಳ ಬಿಡಿ ಚಿತ್ರಗಳೇ ಹೆಚ್ಚು ಎಂದಾದರೆ ಮೊದಲು ಒಳ್ಳೆಯ ಬಾಲ್ ಹೆಡ್. ಬೇಸ್‌ಗೆ ಹಣ ಹಾಕಬೇಡಿ. ಸಾಧ್ಯವಾದರೆ ಮೇಲ್ತುದಿಯಲ್ಲಿ ತಿರುಗುವ ಹಿಡಿತ ಇರುವುದನ್ನು ಆರಿಸಿ, ಮುಂದೊಂದು ದಿನ ಪನೋರಮಾಕ್ಕೂ ಆಗುತ್ತದೆ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾನು ಹೇಳಿದ್ದು ಇದನ್ನೇ.

ವಿಡಿಯೋ ಮುಖ್ಯವಾದರೆ ಫ್ಲೂಯಿಡ್ ಹೆಡ್ ಮತ್ತು ಬಟ್ಟಲು ಎರಡನ್ನೂ ಒಟ್ಟಿಗೆ ಯೋಚಿಸಿ. ಒಂದಿಲ್ಲದೆ ಇನ್ನೊಂದು ಅರ್ಧ ಕೆಲಸ.

ಕಟ್ಟಡ, ಹಳೆಯ ದಾಖಲೆಗಳಿಗೆ ಪ್ಯಾನ್-ಟಿಲ್ಟ್. ಹಣವಿದ್ದರೆ ಗೇರ್ ಹೆಡ್.

ಪನೋರಮಾ, ದೊಡ್ಡ ಗ್ರೂಪ್ ಫೋಟೋ ಪದೇ ಪದೇ ತೆಗೆಯುವವರಿಗೆ, ಇರುವ ಹೆಡ್‌ನ ಕೆಳಗೆ ಅರ್ಧಗೋಳದ ಬೇಸ್ ಸೇರಿಸುವುದು ಹೊಸ ಹೆಡ್‌ಗಿಂತ ಹೆಚ್ಚು ಉಪಯೋಗ.

ಕಾಲುಗಳೇ ಅಲುಗುತ್ತಿದ್ದರೆ ಮೊದಲು ಕಾಲು ಬದಲಿಸಿ. ಬಡಕಲು ಕಾಲಿನ ಮೇಲೆ ದುಬಾರಿ ಹೆಡ್ ಇಟ್ಟು ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ನಿಮ್ಮಲ್ಲಿರುವ ಅತಿ ಭಾರದ ಲೆನ್ಸ್ ಹಾಕಿ, ಪರದೆಯಲ್ಲಿ ಗೋಡೆಯ ಒಂದು ಗುರುತನ್ನು ದೊಡ್ಡದಾಗಿ ಕಾಣಿಸಿಕೊಂಡು ಬಿಗಿಯಿರಿ. ಕೈಬಿಟ್ಟಾಗ ಗುರುತು ಕೆಳಗೋ ಮೇಲೋ ಸರಿಯಿತೇ? ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಯುವ ಹೆಡ್ ಬೇಡ, ಎಷ್ಟೇ ಕೆ.ಜಿ. ಬರೆದಿರಲಿ. ಹಳೆಯದನ್ನು ಕೊಳ್ಳುವವರಿಗೂ ಇದೇ ಪರೀಕ್ಷೆ ಸಾಕು.

ಕೊಂಡ ಮೇಲೆ ಜೋಪಾನ. ಕಡಲ ತೀರಕ್ಕೆ ಹೋಗಿ ಬಂದರೆ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಮರಳಿಗಿಂತಲೂ ಉಪ್ಪು ಅಪಾಯ. ಗುಂಡಿಗೆ ಎಣ್ಣೆ ಹಚ್ಚಬೇಡಿ. ಅದು ಕ್ಯಾಮೆರಾವನ್ನು ಹಿಡಿದಿರುವುದೇ ಘರ್ಷಣೆಯಿಂದ ಎಂಬುದನ್ನು ಮೂರನೇ ಭಾಗದಲ್ಲಿ ನೋಡಿದ್ದೇವೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಅಭ್ಯಾಸ

1. 2 ಕೆ.ಜಿ. ಕ್ಯಾಮೆರಾದ ಗುರುತ್ವ ಕೇಂದ್ರ ಗುಂಡಿನ ಕೇಂದ್ರದಿಂದ 12 ಸೆಂ.ಮೀ. ದೂರದಲ್ಲಿದೆ. 30 ಡಿಗ್ರಿ ಮತ್ತು 90 ಡಿಗ್ರಿ ವಾಲಿಸಿದಾಗಿನ ಟಾರ್ಕ್ ಕಂಡುಹಿಡಿಯಿರಿ.

2. ಅಕ್ಷ 2 ಡಿಗ್ರಿ ವಾಲಿದೆ. ಮಟ್ಟ ಮಾಡಿದ ಕ್ಯಾಮೆರಾವನ್ನು 180 ಡಿಗ್ರಿ ತಿರುಗಿಸಿದರೆ ಅದರ ಓರೆ ಎಷ್ಟು?

3. ನಮ್ಮ ಕಾಲೇಜು ಕಟ್ಟಡದ ಎತ್ತರವನ್ನು ನೆರಳಿನ ವಿಧಾನದಿಂದ ಅಳೆಯಿರಿ. ಕ್ಯಾಮೆರಾ ವಾಲಿಸದೆ ಇಡೀ ಕಟ್ಟಡ ಹಿಡಿಸಲು 24 ಮಿ.ಮೀ. ಲೆನ್ಸ್‌ನೊಂದಿಗೆ ಎಷ್ಟು ದೂರ ನಿಲ್ಲಬೇಕೆಂದು ಲೆಕ್ಕ ಹಾಕಿ, ಅಲ್ಲಿ ನಿಂತು ತೆಗೆದು ನೋಡಿ.

4. ಲ್ಯಾಬಿನ ರಸಮಟ್ಟವನ್ನು 180 ಡಿಗ್ರಿ ಪರೀಕ್ಷೆಗೆ ಒಡ್ಡಿ, ಅದು ಎಷ್ಟು ನಿಜ ಹೇಳುತ್ತದೆ ಎಂದು ಬರೆಯಿರಿ.

ಉತ್ತರಗಳನ್ನು ಲ್ಯಾಬಿನ ನೋಟ್ ಪುಸ್ತಕದಲ್ಲಿ ಬರೆದು ತನ್ನಿ. ಮೂರನೆಯ ಪ್ರಶ್ನೆಯ ಅತ್ಯುತ್ತಮ ಚಿತ್ರ, ಅದರ ಲೆಕ್ಕದ ಸಮೇತ, ಮುಂದಿನ ಸಂಚಿಕೆಯಲ್ಲಿ ಬರುತ್ತದೆ.